ಹೀರೋಗೆ ವಯಸ್ಸಾಗಲಿಲ್ಲ, ಪಂಢರಿಬಾಯಿಗೆ ಮಾತ್ರ ಆಯ್ತು

ನಮ್ಮಲ್ಲಿ ಹೆಚ್ಚಿನವರಿಗೆ ಪಂಢರಿಬಾಯಿ ಅಂದ್ರೆ ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಬರೋ ಹಳೇ ಸಿನಿಮಾದ ಅಮ್ಮ. ಹೆಸರು ಹೇಳಿದ್ರೆ ಥಟ್ಟನೆ ಹೊಳೆಯಲ್ಲ. ಫೋಟೋ ತೋರಿಸಿದ್ರೆ ‘ಓ, ಇವರಾ!’ ಅಂತೀವಿ.

ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ. ಭಟ್ಕಳದಲ್ಲಿ ಹುಟ್ಟಿದ ಈಕೆ ಪೌರಾಣಿಕ ನಾಟಕಗಳಲ್ಲಿ ಪಳಗಿ, 1943ರ ‘ವಾಣಿ’ ಚಿತ್ರದಿಂದ ತೆರೆಗೆ ಬಂದವರು. 1952ರಲ್ಲಿ ತೆರೆಕಂಡ ತಮಿಳಿನ ‘ಪರಾಶಕ್ತಿ’ ಶಿವಾಜಿ ಗಣೇಶನ್ ಅವರ ಮೊದಲ ಸಿನಿಮಾ. ಅದರ ನಾಯಕಿ ಪಂಢರಿಬಾಯಿ. 1954ರ ‘ಬೇಡರ ಕಣ್ಣಪ್ಪ’ ರಾಜ್‌ಕುಮಾರ್ ನಾಯಕರಾದ ಮೊದಲ ಸಿನಿಮಾ. ಅದರ ನಾಯಕಿಯೂ ಪಂಢರಿಬಾಯಿಯೇ, ಕಣ್ಣಪ್ಪನ ಹೆಂಡತಿ ನೀಲಾ. ಎರಡು ಭಾಷೆಗಳ ಇಬ್ಬರು ಮೇರು ನಟರು ನಾಯಕರಾಗಿ ಮೊದಲ ಹೆಜ್ಜೆ ಇಟ್ಟಾಗ ಜೊತೆಗಿದ್ದ ಅನುಭವಿ ಇವರು. 1957ರ ‘ರಾಯರ ಸೊಸೆ’ಗೆ ನಿರ್ಮಾಪಕಿ ಕೂಡ.

ಈಗ 1986ಕ್ಕೆ ಬನ್ನಿ. ‘ಅನುರಾಗ ಅರಳಿತು’. ಹೀರೋ ಅದೇ ರಾಜ್‌ಕುಮಾರ್. ಅವರ ಅರ್ಧದಷ್ಟೂ ವಯಸ್ಸಾಗಿರದ ಮಾಧವಿ ನಾಯಕಿ. ಪಂಢರಿಬಾಯಿ? ರಾಜ್‌ಕುಮಾರ್ ಅವರ ತಾಯಿ! ಇಬ್ಬರೂ ಹೆಚ್ಚುಕಮ್ಮಿ ಒಂದೇ ವಯಸ್ಸಿನವರು. 32 ವರ್ಷದಲ್ಲಿ ಅವರು ಹೀರೋ ಆಗೇ ಉಳಿದ್ರು, ಇವರು ಹೆಂಡತಿಯಿಂದ ತಾಯಿಯಾದ್ರು. ಇದೇ ಕಥೆ 1992ರಲ್ಲಿ ತಮಿಳಿನಲ್ಲಿ ‘ಮನ್ನನ್’ ಆದಾಗ ರಜನಿಕಾಂತ್‌ಗೂ ಇವರೇ ಅಮ್ಮ.

ಇದು ಅಣ್ಣಾವ್ರ ಮೇಲಿನ ದೂರಲ್ಲ. ತಾಯಿ ಪಾತ್ರ ಚಿಕ್ಕದು ಅಂತಲೂ ನಾವು ಹೇಳ್ತಿಲ್ಲ. ಅಮ್ಮನ ನೋವು ನಂಬಿಕೆ ಹುಟ್ಟಿಸದಿದ್ರೆ ಮಗನ ಕಣ್ಣೀರಿಗೆ ಥಿಯೇಟರ್ ಅಳಲ್ಲ. ಆ ನಂಬಿಕೆ ಹುಟ್ಟಿಸೋದು ಸಲೀಸಲ್ಲ. ನಮ್ಮ ತಕರಾರು ಬೇರೆ: ಗಂಡಸಿಗೆ ವಯಸ್ಸಾದಂತೆ ಪಾತ್ರಗಳೂ ಬೆಳೆಯುತ್ತವೆ, ಹೆಂಗಸಿಗೆ ಉಳಿಯೋದು ‘ಅಮ್ಮ’ ಒಂದೇ. ಆ ಒಂದರಲ್ಲೇ ಆಕೆ ಎಷ್ಟು ಚೆನ್ನಾಗಿ ಮಾಡಿದ್ರೂ ‘ಪೋಷಕ ನಟಿ’ ಅಂತ ಪಕ್ಕಕ್ಕಿಟ್ಟು ಮರೆತುಬಿಡ್ತೀವಿ. ಸಿವಿಲ್‌ನವರನ್ನ ಕೇಳಿ, ಭಾರ ಹೊರೋ ಕಾಲಮ್ಮು ಪ್ಲಾಸ್ಟರ್ ಹಿಂದೆ ಮುಚ್ಚಿಹೋಗಿರುತ್ತೆ. ಜನ ಹೊಗಳೋದು ಪೇಂಟನ್ನ.

ನಮ್ಮ ಕಾಲೇಜು ಫೆಸ್ಟೇನು ಕಮ್ಮಿಯಿಲ್ಲ. ಸ್ಕಿಟ್‌ನಲ್ಲಿ ಅಮ್ಮನ ಪಾತ್ರ ಅಂದ್ರೆ ತಲೆಗೆ ಪೌಡರ್, ಕೈಯಲ್ಲೊಂದು ಸೌಟು, ಎರಡು ಡೈಲಾಗು. ಆ ಪಾತ್ರಕ್ಕೆ ಯಾರೂ ಕೈ ಎತ್ತಲ್ಲ. ಎತ್ತೋ ಹಾಗೆ ನಾವು ಬರೆದೂ ಇಲ್ಲ.

ಹಾಗಾಗಿ ಎರಡು ಕೋರಿಕೆ. ಒಂದು, ಮುಂದಿನ ಸ್ಕಿಟ್ ಬರೆಯೋರು ಅಮ್ಮನಿಗೆ ಒಂದು ಹೆಸರು, ಒಂದು ಕೆಲಸ, ಒಂದು ಸ್ವಂತ ಆಸೆ ಕೊಡಿ. ಎರಡು, ನಮ್ಮ ಸಂಘದಿಂದ ‘ಬೇಡರ ಕಣ್ಣಪ್ಪ’ ಮತ್ತು ‘ಅನುರಾಗ ಅರಳಿತು’ ಬೆನ್ನಿಗೆ ಬೆನ್ನು ತೋರಿಸೋಣ. ಪಂಢರಿಬಾಯಿ 2003ರಲ್ಲೇ ತೀರಿಕೊಂಡ್ರು. ಆ ದಿನವಾದ್ರೂ ನಾವು ಹೀರೋನ ಬಿಟ್ಟು ಅವರನ್ನೇ ನೋಡೋಣ.