ಕಮಾನಿನ ಕೆಳಗೆ ಎಷ್ಟು ಜಾಗ?

ಕಲಬುರಗಿ ಕೋಟೆಯೊಳಗಿನ ಜಾಮಾ ಮಸೀದಿಯನ್ನು ನಿಮ್ಮಲ್ಲಿ ಹಲವರು ನೋಡಿರ್ತೀರಿ. 1367ರಲ್ಲಿ, ಬಹಮನಿ ಸುಲ್ತಾನರ ಕಾಲದಲ್ಲಿ ಕಟ್ಟಿದ್ದು. ದೊಡ್ಡ ಮಸೀದಿಗಳಿಗೆ ಸಾಮಾನ್ಯವಾಗಿ ಇರುವ ತೆರೆದ ಅಂಗಳ ಇಲ್ಲಿಲ್ಲ. ಇಡೀ ಜಾಗಕ್ಕೆ ಮಾಡು ಇದೆ, ಮೇಲೆ ಸಾಲು ಸಾಲು ಗುಮ್ಮಟ. ಒಳಗೆ ನಿಂತರೆ ಎತ್ತ ನೋಡಿದರೂ ಕಮಾನು, ಅದರ ಹಿಂದೆ ಇನ್ನೊಂದು ಕಮಾನು. ಉದ್ದ ಸುಮಾರು 216 ಅಡಿ, ಅಗಲ 176 ಅಡಿ. ನೆಲದ ವಿಸ್ತೀರ್ಣ ಬೇಕೆಂದರೆ ಗುಣಿಸಿದರಾಯ್ತು: 38,016 ಚದರ ಅಡಿ. ಸೈಟ್ ನೋಡೋಕೆ ಹೋಗುವ ಎಲ್ಲರಿಗೂ ಗೊತ್ತಿರುವ ಲೆಕ್ಕ ಇದು.

ಈಗ ಬೇರೆ ಪ್ರಶ್ನೆ. ಅಂಥದ್ದೊಂದು ಕಮಾನಿಗೆ ಪಾರಿವಾಳ ಬರದಂತೆ ಬಲೆ ಕಟ್ಟಬೇಕು ಅಂದ್ಕೊಳ್ಳಿ. ಎಷ್ಟು ಚದರ ಅಡಿ ಬಲೆ ಬೇಕು? ಅಗಲ ಒಂದೇ, ಆದರೆ ಎತ್ತರ ಒಂದೊಂದು ಕಡೆ ಒಂದೊಂದು. ಯಾವ ಎತ್ತರದಿಂದ ಗುಣಿಸ್ತೀರಿ? ಪಿಯುಸಿಯಲ್ಲಿ ನಮ್ಮನ್ನೆಲ್ಲ ಹೆದರಿಸಿದ ಇಂಟಿಗ್ರೇಶನ್, ಅಂದರೆ ಅನುಕಲನ, ಉತ್ತರ ಕೊಡೋದು ಇಂಥ ಪ್ರಶ್ನೆಗೇ.

ಕಮಲಾಪುರದಲ್ಲಿರುವ ನನ್ನ ಅಕ್ಕನ ಮಗಳು ಸೆಕೆಂಡ್ ಪಿಯುಸಿ ಓದ್ತಿದ್ದಾಳೆ. ಹೋದ ವಾರ ಫೋನಿನಲ್ಲಿ ಹೇಳಿದಳು: "ಮಾಮಾ, ಸೂತ್ರ ಎಲ್ಲಾ ಬಾಯಿಪಾಠ ಅದಾವ. ಆದ್ರ ಅದ್ರಿಂದ ಏನ್ ತೆಗಿಲಾಕತ್ತೀನಿ ಅಂಬೋದೇ ಗೊತ್ತಾಗವಲ್ದು." ಅಷ್ಟಕ್ಕೇ ಇಂಜಿನಿಯರಿಂಗ್ ಆಸೆ ಬಿಟ್ಟು ಬೇರೆ ಕೋರ್ಸ್ ಹುಡುಕೋಕೆ ಶುರು ಮಾಡಿದ್ದಾಳೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದ್ದೀನಿ.

ಸುಲಭಕ್ಕೆ ನಮ್ಮದೇ ಒಂದು ಕಮಾನು ಮಾಡಿಕೊಳ್ಳೋಣ. ಅಗಲ 12 ಅಡಿ, ನಡುವಿನ ಎತ್ತರ 9 ಅಡಿ. ನಡುವಿನಿಂದ ಎಷ್ಟು ಅಡಿ ಸರಿದಿರೋ ಆ ಸಂಖ್ಯೆಯ ವರ್ಗವನ್ನು 4ರಿಂದ ಭಾಗಿಸಿ, 9ರಲ್ಲಿ ಕಳೆಯಿರಿ. ಅದೇ ಅಲ್ಲಿನ ಎತ್ತರ. ಅಂಚಿನಲ್ಲಿ, ಅಂದರೆ 6 ಅಡಿ ಸರಿದಾಗ, ಎತ್ತರ ಸೊನ್ನೆ.

ಈಗ ಇದನ್ನು 2 ಅಡಿ ಅಗಲದ ಆರು ಪಟ್ಟಿಗಳಾಗಿ ಕತ್ತರಿಸಿ. ಪ್ರತಿ ಪಟ್ಟಿಯ ನಡುವಿನ ಎತ್ತರ ತಗೊಳ್ಳಿ: 2.75, 6.75, 8.75, ಮತ್ತೆ 8.75, 6.75, 2.75. ಕೂಡಿದರೆ 36.5. ಅಗಲ 2ರಿಂದ ಗುಣಿಸಿದರೆ 73 ಚದರ ಅಡಿ. ಪಟ್ಟಿಯ ಅಗಲ 1 ಅಡಿ ಮಾಡಿದರೆ 72.25. ಅರ್ಧ ಅಡಿ ಮಾಡಿದರೆ 72.06. ಪಟ್ಟಿ ಸಣ್ಣದಾದಷ್ಟೂ ಉತ್ತರ 72ರ ಹತ್ತಿರ ಬರುತ್ತೆ. ಪಟ್ಟಿಯ ಅಗಲ ಅರ್ಧ ಮಾಡಿದಾಗಲೆಲ್ಲ ತಪ್ಪು ಕಾಲು ಭಾಗಕ್ಕೆ ಇಳಿಯುತ್ತೆ. ಕೋಡ್ ಬರೆಯೋರಿಗೆ ಇದು ನಾಲ್ಕು ಸಾಲಿನ ಲೂಪ್, ಅಷ್ಟೇ. ಇಂಟಿಗ್ರೇಶನ್‌ನ ಆ ಉದ್ದ ಚಿಹ್ನೆ ಕೂಡ 1675ರಲ್ಲಿ ಲೈಬ್ನಿಟ್ಸ್ ಎಳೆದು ಬರೆದ 'ಎಸ್' ಅಕ್ಷರ. 'ಮೊತ್ತ' ಅನ್ನೋ ಅರ್ಥದ ಲ್ಯಾಟಿನ್ ಪದದ ಮೊದಲ ಅಕ್ಷರ ಅದು.

ಹಾಗಾದರೆ ಬಾಯಿಪಾಠದ ಸೂತ್ರ ಎಲ್ಲಿಂದ ಬಂತು? ಕಮಾನಿನ ನಡುವಿನಿಂದ ಬಲಕ್ಕೆ ಒಂದು ಪರದೆ ಎಳೀತಾ ಹೋಗಿ. ಪರದೆ ಕೂದಲೆಳೆಯಷ್ಟು ಸರಿದಾಗ ಮುಚ್ಚುವ ಹೊಸ ಜಾಗ ಎಷ್ಟು? ಆ ಕೂದಲೆಳೆಯ ಅಗಲವನ್ನು ಅಲ್ಲಿನ ಎತ್ತರದಿಂದ ಗುಣಿಸಿದಷ್ಟು. ಅಂದರೆ ವಿಸ್ತೀರ್ಣ ಬೆಳೆಯುವ ವೇಗವೇ ಎತ್ತರ. ಬೆಳೆಯುವ ವೇಗ ತೆಗೆಯೋದು ಡಿಫರೆನ್ಸಿಯೇಶನ್. ಹಾಗಾಗಿ, ಯಾವುದನ್ನು ಡಿಫರೆನ್ಸಿಯೇಟ್ ಮಾಡಿದರೆ ಈ ಎತ್ತರ ಬರುತ್ತೆ ಅಂತ ಹಿಂದಕ್ಕೆ ಹುಡುಕಿದರೆ ವಿಸ್ತೀರ್ಣ ಸಿಗುತ್ತೆ. ನಮ್ಮ ಕಮಾನಿಗೆ ಅದು 9 ಎಕ್ಸ್, ಅದರಲ್ಲಿ ಎಕ್ಸ್ ಘನದ ಹನ್ನೆರಡನೇ ಒಂದು ಭಾಗ ಕಳೆದದ್ದು. ಎಕ್ಸ್ ಜಾಗದಲ್ಲಿ 6 ಹಾಕಿ: 54ರಲ್ಲಿ 18 ಕಳೆದರೆ 36. ಎಡಬಲ ಎರಡೂ ಸೇರಿ 72. ಸಾವಿರ ಪಟ್ಟಿ ಕೂಡುವ ಕೆಲಸ ಒಂದೇ ಸಾಲಿನಲ್ಲಿ ಮುಗೀತು.

ದಿನದ ಬದುಕಿನಲ್ಲೂ ಇದೇ ಲೆಕ್ಕ ನಡೀತಿರುತ್ತೆ. ಕಮಲಾಪುರದಿಂದ ಕಲಬುರಗಿಗೆ ಬರುವ ಬಸ್ಸು 40 ಕಿ.ಮೀ. ವೇಗದಲ್ಲಿ 15 ನಿಮಿಷ ಓಡಿದರೆ 10 ಕಿ.ಮೀ., ಆಮೇಲೆ 20ಕ್ಕೆ ಇಳಿದು 6 ನಿಮಿಷ ಓಡಿದರೆ 2 ಕಿ.ಮೀ. ವೇಗದ ಗೆರೆಯ ಕೆಳಗಿನ ಜಾಗವೇ ದೂರ. ಮೇ ತಿಂಗಳ ಬಿಸಿಲಿಗೆ ಕೂಲರ್, ಎಸಿ ಓಡಿಸಿದಾಗ ಮನೆಯ ಮೀಟರ್ ಮಾಡೋದೂ ಅದನ್ನೇ. ಕ್ಷಣಕ್ಷಣಕ್ಕೂ ಏರಿಳಿಯುವ ಕಿಲೋವ್ಯಾಟ್ ಗೆರೆಯ ಕೆಳಗಿನ ಜಾಗ ಕೂಡ್ತಾ ಹೋಗುತ್ತೆ. ಬಿಲ್ಲಿನಲ್ಲಿ ಅದಕ್ಕೆ ಯೂನಿಟ್ ಅಂತಾರೆ.

ಇನ್ನು ಕೋಟೆಯ ನಿಜವಾದ ಕಮಾನುಗಳು ತುದಿಯಲ್ಲಿ ಚೂಪು, ನಮ್ಮ ಸೂತ್ರ ಅಲ್ಲಿಗೆ ಹೊಂದೋದಿಲ್ಲ. ಚಿಂತೆಯಿಲ್ಲ. ಟೇಪ್ ಹಿಡಿದು ಅಡಿಗೊಂದು ಎತ್ತರ ಅಳೆದು, ಪಟ್ಟಿ ಮಾಡಿ ಕೂಡಿದರೆ ಬಲೆಯ ಲೆಕ್ಕ ಸಿಗುತ್ತೆ.

ಹುಡುಗಿ ಯಾವ ಕೋರ್ಸಿಗೆ ಸೇರ್ತಾಳೋ ಅದು ಅವಳಿಷ್ಟ. ಆದರೆ ಯಾರೂ ಚಿತ್ರ ಬರೆದು ತೋರಿಸಲಿಲ್ಲ ಅನ್ನೋ ಕಾರಣಕ್ಕೆ ಗಣಿತ ಬಿಡೋದು ಬೇಡ. ನಿಮ್ಮ ಮನೆಯಲ್ಲೂ ಪಿಯುಸಿ ಮಕ್ಕಳಿದ್ದರೆ, ಸೂತ್ರ ಒಪ್ಪಿಸು ಅನ್ನುವ ಮೊದಲು ಒಂದು ಕಮಾನು ಬರೆಸಿ, ಪಟ್ಟಿ ಎಳೆಯೋಕೆ ಹೇಳಿ. ಫೋನಿನ ಕ್ಯಾಲ್ಕುಲೇಟರ್ ಸಾಕು, ಹತ್ತು ನಿಮಿಷದ ಕೆಲಸ.