ಡೇನಿಷ್ ಓದಿದ ಹುಡುಗಿಗೆ ಕೆಲಸ ಯಾರು ಕೊಡಬೇಕು?

ಭಾಷೆ, ಸಾಹಿತ್ಯ ಓದುವವರನ್ನು ಕಂಡರೆ ಮರುಕ ತೋರಿಸುವ ಜನ ಎಲ್ಲ ದೇಶಗಳಲ್ಲೂ ಇದ್ದಾರೆ. ನಾನು ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನು. "ಬೇರೆ ಯಾವುದೂ ಸಿಗಲಿಲ್ಲವೇ ಪಾಪ?" ಎಂಬ ಮಾತನ್ನು ನನ್ನ ವಿದ್ಯಾರ್ಥಿಗಳ ಪರವಾಗಿ ಸಾಕಷ್ಟು ಸಲ ಕೇಳಿಸಿಕೊಂಡಿದ್ದೇನೆ. ಈ ಮರುಕದ ಮಹಾಶಯರು ನಮ್ಮ ದೇಶದ ಬಡತನದ ಕೂಸುಗಳೆಂದು ಯಾರಾದರೂ ತಿಳಿದಿದ್ದರೆ ಅದು ಸರಿಯಲ್ಲ. ಹೊಟ್ಟೆ ತುಂಬಿದ ಡೆನ್ಮಾರ್ಕಿನಲ್ಲೂ ಅವರಿದ್ದಾರೆ. ಅಲ್ಲಿ ಅವರು ಮಂತ್ರಿಗಳೂ ಆಗುತ್ತಾರೆ.

ನನ್ನ ತಮ್ಮ ಇಂಜಿನಿಯರಾಗಿ ಹೋಗಿ ಡೆನ್ಮಾರ್ಕಿನ ಓರ್ಹುಸ್ ಎಂಬ ಊರಿನಲ್ಲಿ ನೆಲೆ ನಿಂತವನು. ಅವನ ಮಗಳು ಅಲ್ಲೇ ಹುಟ್ಟಿದವಳು. ಒಳ್ಳೆಯ ಅಂಕ ತೆಗೆದು, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಡೇನಿಷ್ ಭಾಷೆ ಮತ್ತು ಸಾಹಿತ್ಯ ಓದುತ್ತೇನೆಂದು ಹೊರಟಳು. ಅಷ್ಟಕ್ಕೆ ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾದವರೆಗೆ ನೆಂಟರ ಫೋನುಗಳೆಲ್ಲ ಗಣಗಣಿಸಿದವು. ಒಬ್ಬ ಭಾವನವರು ನನಗೇ ಹೇಳಿದರು: "ಆ ಭಾಷೆ ಆಡುವವರು ಅರವತ್ತು ಲಕ್ಷ ಜನವಂತೆ. ನಮ್ಮ ಬೆಂಗಳೂರಿನ ಅರ್ಧವೂ ಇಲ್ಲ. ಅದನ್ನು ಓದಿ ಏನು ಮಾಡುತ್ತಾಳೆ? ನೀವು ಮೇಷ್ಟ್ರು, ನೀವು ಹೇಳಿದರೆ ಕೇಳಿಯಾಳು." ನಾನು ಹೇಳುವುದಿಲ್ಲವೆಂದೆ. ಏಕೆ ಹೇಳುವುದಿಲ್ಲ ಎಂಬುದನ್ನು ಫೋನಿನಲ್ಲಿ ವಿವರಿಸುವುದಾಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೆಲಸದ ಮಾತನ್ನೇ ಆಡೋಣ. ಅದನ್ನು ಬಿಟ್ಟು ಸಂಸ್ಕೃತಿ, ಆತ್ಮ, ಬೇರು ಎಂದೆಲ್ಲ ಭಾಷಣ ಮಾಡುವುದು ಹಸಿದವನಿಗೆ ಊದುಬತ್ತಿ ಹಚ್ಚಿ ತೋರಿಸಿದ ಹಾಗೆ. ಅಲ್ಲಿ ಗಿಮ್ನೇಸಿಯಂ ಎಂದರೆ ಕಸರತ್ತಿನ ಮನೆಯಲ್ಲ. ನಮ್ಮ ಪಿಯುಸಿಗೆ ಹೋಲಿಸಬಹುದಾದ ಮೂರು ವರ್ಷದ ಶಾಲೆ. ಅಲ್ಲಿ ವಿಜ್ಞಾನದವನಿರಲಿ, ವಾಣಿಜ್ಯದವನಿರಲಿ, ಮೂರು ವರ್ಷವೂ ಡೇನಿಷ್ ಕಡ್ಡಾಯ, ಅದೂ ಮೇಲುಮಟ್ಟದ್ದು. ಅದನ್ನು ಕಲಿಸುವವರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವೀಧರರಾಗಿರಬೇಕು. ಸಾಮಾನ್ಯವಾಗಿ ಜೊತೆಗೆ ಇನ್ನೊಂದು ವಿಷಯವನ್ನೂ ಓದಿಕೊಂಡಿರಬೇಕು. ಆಮೇಲೆ ಕೆಲಸದಲ್ಲಿದ್ದೇ ಒಂದು ವರ್ಷದ ಅಧ್ಯಾಪನ ತರಬೇತಿ ಮುಗಿಸಬೇಕು. ಇದು ಹೆದ್ದಾರಿ. ಕಾಲುದಾರಿಗಳೂ ಬೇಕಾದಷ್ಟಿವೆ. ಪೌರತ್ವ ಬಯಸುವ ಪರದೇಶಿ ಡೇನಿಷ್ ಪರೀಕ್ಷೆ ಪಾಸು ಮಾಡಬೇಕೆಂಬುದು ಅಲ್ಲಿಯ ನಿಯಮ, ಅವನಿಗೆ ಕಲಿಸಲು ಭಾಷಾ ಕೇಂದ್ರಗಳಿವೆ. ನನ್ನ ತಮ್ಮನ ಹೆಂಡತಿ ಆ ನುಂಗಿಬಿಡುವ ಉಚ್ಚಾರಣೆಯನ್ನು ಕಲಿತದ್ದು ಅಂಥ ಕೇಂದ್ರದಲ್ಲೇ. ಪ್ರಕಾಶಕರು, ಪತ್ರಿಕೆಗಳು, ಆಕಾಶವಾಣಿ, ಗ್ರಂಥಾಲಯ, ವಸ್ತುಸಂಗ್ರಹಾಲಯಗಳಿವೆ. ಜನರಿಗೆ ತಿಳಿಯುವಂತೆ ಕಾಗದ ಬರೆಯಬೇಕಾದ ನಗರಸಭೆಗಳು, ಸಚಿವಾಲಯಗಳಿವೆ. 1973ರಲ್ಲಿ ಡೆನ್ಮಾರ್ಕ್ ಯುರೋಪಿನ ಕೂಟ ಸೇರಿದಾಗಿನಿಂದ ಡೇನಿಷ್ ಅಲ್ಲಿಯ ಅಧಿಕೃತ ಭಾಷೆಗಳಲ್ಲೊಂದು, ಹಾಗಾಗಿ ಅನುವಾದಕರೂ ಬೇಕು.

ಈ ಪಟ್ಟಿಯನ್ನು ಓದಿ ಯಾರೂ ಮೈಮರೆಯಬೇಕಾಗಿಲ್ಲ. ಪದವಿ ಕೈಗೆ ಬಂದ ಮರುದಿನ ಇವೆಲ್ಲ ಬಾಗಿಲು ತೆರೆದು ಆರತಿ ಎತ್ತುವುದಿಲ್ಲ. ಮೊದಲೆರಡು ವರ್ಷ ತಾತ್ಕಾಲಿಕ ಕೆಲಸ, ಅರೆಕಾಲದ ಕೆಲಸ, ಒಮ್ಮೊಮ್ಮೆ ಏನೂ ಇಲ್ಲದ ತಿಂಗಳುಗಳು. ಇದನ್ನು ಮುಚ್ಚಿಟ್ಟು ಹುಡುಗರನ್ನು ಸೇರಿಸಿಕೊಳ್ಳುವ ಪ್ರಾಧ್ಯಾಪಕ ತನ್ನ ವಿಷಯಕ್ಕೇ ದ್ರೋಹ ಮಾಡುತ್ತಾನೆ. "ಎರಡನೆಯ ವಿಷಯವನ್ನು ಈಗಲೇ ಆರಿಸಿಕೋ, ಇತಿಹಾಸವೋ ಇಂಗ್ಲಿಷೋ ಯಾವುದಾದರೂ ಸರಿ" ಎಂದು ನಾನು ಹುಡುಗಿಗೆ ಹೇಳಿದೆ. "ಗೊತ್ತು ದೊಡ್ಡಪ್ಪ, ಇತಿಹಾಸ ಅಂತ ಆಗಲೇ ತೀರ್ಮಾನ ಮಾಡಿದ್ದೇನೆ" ಎಂದಳು. ಈ ಕಾಲದ ಮಕ್ಕಳು ನಮ್ಮ ಮರುಕಕ್ಕಾಗಿ ಕಾದು ಕುಳಿತಿರುವುದಿಲ್ಲ.

ನನ್ನ ಜಗಳವಿರುವುದು ಈ ಕಷ್ಟದ ತಿಂಗಳುಗಳನ್ನು ಹಿಡಿದು ವಿಷಯದ ಬೆಲೆ ಕಟ್ಟುವವರೊಡನೆ. 2014ರಲ್ಲಿ ಡೆನ್ಮಾರ್ಕ್ ಸರ್ಕಾರ ಒಂದು ನಿಯಮ ತಂದಿತು. ಯಾವ ವಿಷಯದ ಪದವೀಧರರಲ್ಲಿ ನಿರುದ್ಯೋಗ ಸತತವಾಗಿ ಹೆಚ್ಚಿದೆಯೋ ಆ ವಿಷಯಗಳಲ್ಲಿ ಸೀಟು ಕಡಿತ. ಏಟು ಬಿದ್ದದ್ದು ಹೆಚ್ಚಾಗಿ ಮಾನವಿಕ ವಿಷಯಗಳಿಗೆ. ನಿರುದ್ಯೋಗವನ್ನು ಅಳೆದದ್ದು ಯಾವಾಗ? ಪದವಿ ಮುಗಿದು ಎರಡು ವರ್ಷ ತುಂಬುವುದರೊಳಗೆ. ಅಡಿಕೆ ಸಸಿ ನೆಟ್ಟು ಎರಡನೆಯ ವರ್ಷಕ್ಕೇ ಕೊನೆ ಕೊಯ್ಯಲು ಹೋಗಿ, ಫಸಲಿಲ್ಲವೆಂದು ತೋಟ ಕಡಿಯುವವನಿಗೆ ನಮ್ಮ ಕಡೆ ಏನೆನ್ನುತ್ತಾರೆಂದು ಇಲ್ಲಿ ಬರೆಯುವಂತಿಲ್ಲ. ಮೇಷ್ಟ್ರ ಕೆಲಸ, ಸಂಪಾದಕನ ಕೆಲಸ ನಲವತ್ತು ವರ್ಷದ ಬೆಳೆ. ಸಾಲದ್ದಕ್ಕೆ 2023ರಲ್ಲಿ ಇನ್ನೊಂದು ರಾಜಕೀಯ ಒಪ್ಪಂದವಾಯಿತು. ಎರಡು ವರ್ಷದ ಸ್ನಾತಕೋತ್ತರ ಓದನ್ನು ಕೆಲವು ಕಡೆ 2028ರಿಂದ ಒಂದೂಕಾಲು ವರ್ಷಕ್ಕೆ ಇಳಿಸುವುದಂತೆ. ಓದು ಕಡಿಮೆಯಾದರೆ ಕೆಲಸ ಬೇಗ ಸಿಗುತ್ತದೆಂಬ ಈ ತರ್ಕ ನನ್ನ ತಲೆಗಂತೂ ಹತ್ತುವುದಿಲ್ಲ.

"ತೆರಿಗೆ ಕೊಡುವವರ ದುಡ್ಡಲ್ಲವೇ?" ಎಂದು ಅವರು ಕೇಳುತ್ತಾರೆ. ಹೌದು, ಅಲ್ಲಿನ ಮಕ್ಕಳಿಗೆ ವಿಶ್ವವಿದ್ಯಾಲಯದ ಶುಲ್ಕವಿಲ್ಲ, ಮೇಲೆ ತಿಂಗಳು ತಿಂಗಳು ಸರ್ಕಾರದ ವಿದ್ಯಾರ್ಥಿವೇತನ ಬೇರೆ. ಹಾಗಾದರೆ ಲೆಕ್ಕವನ್ನು ಪೂರ್ತಿ ಮಾಡೋಣ. ಆ ತೆರಿಗೆದಾರನ ಕಾನೂನು ಯಾವ ಭಾಷೆಯಲ್ಲಿದೆ? ಅವನ ಆಸ್ಪತ್ರೆಯ ಚೀಟಿ, ಪಿಂಚಣಿಯ ಕಾಗದ, ಮಕ್ಕಳ ಪುಸ್ತಕ ಯಾವ ಭಾಷೆಯಲ್ಲಿವೆ? ಆ ಭಾಷೆ ಆಕಾಶದಿಂದ ಉದುರಿದ್ದಲ್ಲ. 1841ರಲ್ಲಿ ಕೀರ್ಕೆಗಾರ್ಡ್ ವ್ಯಂಗ್ಯದ ಕುರಿತ ತನ್ನ ಪ್ರೌಢಪ್ರಬಂಧವನ್ನು ಲ್ಯಾಟಿನ್ ಬಿಟ್ಟು ಡೇನಿಷಿನಲ್ಲಿ ಬರೆದು ಸಲ್ಲಿಸಲು ದೊರೆಗೆ ಅರ್ಜಿ ಹಾಕಿಕೊಳ್ಳಬೇಕಾಯಿತು. ಅನುಮತಿ ಸಿಕ್ಕಿತು, ಆದರೂ ವಾದ ಮಂಡಿಸಿದ್ದು ಲ್ಯಾಟಿನ್ನಿನಲ್ಲೇ. ತನ್ನ ದೇಶದ ವಿಶ್ವವಿದ್ಯಾಲಯದಲ್ಲೇ ತನ್ನ ಭಾಷೆಗೆ ಅಪ್ಪಣೆ ಚೀಟಿ ಬೇಕಿದ್ದ ಕಾಲ ಅದು. ಅಲ್ಲಿಂದ ಇಲ್ಲಿಗೆ ಭಾಷೆಯನ್ನು ತಂದವರು ಯಾರು? 1918ರಿಂದ 1956ರವರೆಗೆ 28 ಸಂಪುಟಗಳಲ್ಲಿ ದೊಡ್ಡ ನಿಘಂಟನ್ನು ಹೊರತಂದವರು. 1955ರಲ್ಲಿ ಭಾಷಾ ಮಂಡಳಿ ಸ್ಥಾಪಿಸಿ ಕಾಗುಣಿತದ ಜಗಳ ಇಂದಿಗೂ ತೀರಿಸುತ್ತ ಕುಳಿತವರು. ಶಾಲೆಯಲ್ಲಿ ಗದ್ಯಪದ್ಯ ಕಲಿಸಿದವರು. ಇವರೆಲ್ಲರ ಸಂಬಳ ಖರ್ಚಿನ ಪಟ್ಟಿಯಲ್ಲಿ ಬರುತ್ತದೆ, ಇವರು ಕಟ್ಟಿದ ಮನೆಯಲ್ಲಿ ವಾಸಿಸುವ ಲಾಭ ಮಾತ್ರ ಯಾವ ಪಟ್ಟಿಯಲ್ಲೂ ಬರುವುದಿಲ್ಲ!

ಲಾಭವನ್ನು ನಗದಿನಲ್ಲೇ ತೋರಿಸಿ ಎನ್ನುವವರಿಗೂ ಉತ್ತರವಿದೆ. ಕೋಪನ್‌ಹೇಗನ್ನಿನ ಬಡವರ ಕೇರಿಯಲ್ಲಿ ಬೆಳೆದ ತೋವೆ ಡಿಟ್ಲೆವ್ಸನ್ ತನ್ನ ಆತ್ಮಕಥೆಯ ಮೂರು ಭಾಗಗಳನ್ನು ಬರೆದದ್ದು 1967-71ರಲ್ಲಿ. ತೀರಿಕೊಂಡದ್ದು 1976ರಲ್ಲಿ. ಮೂರೂ ಒಟ್ಟಾಗಿ ಇಂಗ್ಲಿಷಿನಲ್ಲಿ ಲೋಕದ ಕಣ್ಣಿಗೆ ಬಿದ್ದದ್ದು 2019ರಿಂದ ಈಚೆಗೆ. ನಡುವಿನ ಆ ನಲವತ್ತು ವರ್ಷ ಅವಳನ್ನು ಓದಿಸಿಕೊಂಡು, ಬರೆಸಿಕೊಂಡು ಬಂದವರಲ್ಲಿ ಡೇನಿಷ್ ಮೇಷ್ಟ್ರುಗಳೂ ಇದ್ದಾರೆ. 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯ ಕೊನೆಯ ಸುತ್ತಿನ ಆರು ಪುಸ್ತಕಗಳಲ್ಲಿ ಸೋಲ್ವೈ ಬಲ್ಲೆಯ ಡೇನಿಷ್ ಕಾದಂಬರಿ ಇತ್ತು. ಗೆದ್ದದ್ದು ನಮ್ಮ ಬಾನು ಮುಷ್ತಾಕ್ ಅವರ ಕಥೆಗಳು, ದೀಪಾ ಭಾಸ್ತಿಯವರ ಅನುವಾದದಲ್ಲಿ. ಭಾವನವರ ಲೆಕ್ಕದಂತೆ ಎರಡೂ ಕಡೆಯವರು ಉಪಯೋಗವಿಲ್ಲದ್ದನ್ನು ಓದಿಕೊಂಡವರು.

ಇನ್ನು ಇತ್ತೀಚಿನ ವಾದ: ಯಂತ್ರವೇ ಬರೆಯುತ್ತದೆ, ಅನುವಾದಿಸುತ್ತದೆ, ನೀವೇಕೆ? ಯಂತ್ರ ಕಲಿಯುವುದು ಮನುಷ್ಯರು ಬರೆದಿಟ್ಟದ್ದರಿಂದ. ಇಂಗ್ಲಿಷಿಗೆ ಹೋಲಿಸಿದರೆ ಡೇನಿಷಿನಲ್ಲಿ ಬರೆದಿಟ್ಟದ್ದು ಸ್ವಲ್ಪ. ಆ ಭಾಷೆಯಲ್ಲಿ ಐವತ್ತಕ್ಕೆ 'ಹಾಲ್‌ಟ್ರೆಸ್' ಎನ್ನುತ್ತಾರೆ. ಅದರ ಹೊಟ್ಟೆಯಲ್ಲಿರುವುದು ಇಪ್ಪತ್ತರ ಎರಡೂವರೆ ಪಾಲು ಎಂಬ ಹಳೆಯ ಎಣಿಕೆ. ಹೀಗೆ ಭಾಷೆಯ ಒಳಗುಟ್ಟು ಬಲ್ಲವರು ಇದ್ದರೆ ತಾನೇ ಯಂತ್ರ ಉದುರಿಸಿದ್ದು ಡೇನಿಷೋ ಅಥವಾ ಡೇನಿಷ್ ವೇಷದ ಇಂಗ್ಲಿಷೋ ಎಂದು ಹೇಳಬಲ್ಲವರು ಇರುವುದು?

ನಮಗೂ ಡೇನರಿಗೂ ಹಳೆಯದೊಂದು ಋಣವಿದೆ. 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾದದ್ದು ಬಂಗಾಳದ ಸಿರಾಂಪುರದಲ್ಲಿ. ಆಗ ಅದು ಡೆನ್ಮಾರ್ಕಿನ ದೊರೆಗೆ ಸೇರಿದ ಊರು. ಅದಿರಲಿ. 2011ರ ಜನಗಣತಿಯಲ್ಲಿ ಕನ್ನಡ ತಾಯಿನುಡಿಯೆಂದು ಬರೆಸಿದವರು 4 ಕೋಟಿ 37 ಲಕ್ಷ, ಅಂದರೆ ಏಳು ಡೆನ್ಮಾರ್ಕು. ಆದರೂ ಕನ್ನಡ ಎಂ.ಎ. ಮಾಡಿದ ನಮ್ಮ ಹುಡುಗರು ಅತಿಥಿ ಉಪನ್ಯಾಸಕರೆಂಬ ಚಂದದ ಹೆಸರಿನಲ್ಲಿ ವರ್ಷ ವರ್ಷವೂ ಆದೇಶ ಕಾಯುತ್ತ ತಲೆ ನರೆಸಿಕೊಳ್ಳುತ್ತಾರೆ. ಏಳರಲ್ಲೊಂದು ಪಾಲಿನ ಭಾಷೆಗೆ ಅಷ್ಟು ಬಾಗಿಲುಗಳಿರುವುದು ಹೇಗೆ? ತರಗತಿ, ನ್ಯಾಯಾಲಯ, ಕಚೇರಿ, ವಿಜ್ಞಾನದ ಹುಡುಗನ ಕೊನೆಯ ಪರೀಕ್ಷೆ, ಎಲ್ಲೆಲ್ಲೂ ಡೇನಿಷಿಗೆ ಜಾಗ ಕೊಟ್ಟದ್ದರಿಂದ. ಜಾಗ ಕೊಟ್ಟ ಕಡೆ ಕೆಲಸ ಹುಟ್ಟುತ್ತದೆ. ಅದನ್ನು ಕೊಡುವುದೂ ಕಸಿಯುವುದೂ ಸರ್ಕಾರದ, ಸಮಾಜದ ಕೈಯಲ್ಲಿದೆ. ಹದಿನೆಂಟರ ಹುಡುಗಿಯ ಕೈಯಲ್ಲಿಲ್ಲ.

ಆದ್ದರಿಂದ ಭಾವನವರಲ್ಲಿ, ಅವರಂಥ ಎಲ್ಲರಲ್ಲಿ ನನ್ನ ವಿನಂತಿ ಇಷ್ಟೆ. "ಅದನ್ನು ಓದಿ ಏನು ಮಾಡುತ್ತೀಯಾ?" ಎಂದು ಮಕ್ಕಳನ್ನು ಕೇಳಿ ಅವರ ಮುಖ ಬಾಡಿಸಬೇಡಿ. ಮತ ಕೇಳಲು ಬಂದವರನ್ನು ಹಿಡಿದು ಕೇಳಿ: ನಮ್ಮ ಭಾಷೆಯಲ್ಲಿ ಪಾಠ ಹೇಳುವ ಎಷ್ಟು ಹುದ್ದೆ ಖಾಲಿ ಬಿಟ್ಟಿದ್ದೀರಿ, ಎಂದು ತುಂಬುತ್ತೀರಿ? ಡೆನ್ಮಾರ್ಕಿನಲ್ಲಿದ್ದವರು ಸೀಟು ಕಡಿದದ್ದೇಕೆಂದು ಅಲ್ಲಿಯ ಮಂತ್ರಿಯನ್ನು ಕೇಳಲಿ. ಹುಡುಗಿ ಓದಿಕೊಳ್ಳಲಿ, ಅವಳಿಗೆ ಪರೀಕ್ಷೆ ಹತ್ತಿರ ಬಂದಿದೆ.