ಇವತ್ತು ಸುಡಬಹುದೇ?

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಹಿತ್ತಲಿನ ಕಡ್ಡಿ-ಕೊಂಬೆ ಸುಡುವುದಕ್ಕೂ ಒಂದು ಕಾಲವಿದೆ: ಜನವರಿ 15ರಿಂದ ಮೇ 1ರವರೆಗೆ, ಅದೂ ಬೆಳಿಗ್ಗೆ 10ರಿಂದ ಸಂಜೆ 4ರೊಳಗೆ. ಬೆಂಕಿ ಮನೆಗಳಿಂದ 75 ಅಡಿ ದೂರವಿರಬೇಕು. ಊರಿನ ಅಗ್ನಿಶಾಮಕ ಠಾಣೆಯ ಪರವಾನಗಿ ಬೇಕು. ಇಷ್ಟು ಕೇಳಿದರೆ ಇದೂ ಒಂದು ಕಾಗದಪತ್ರದ ವ್ಯವಹಾರ ಎನಿಸುತ್ತದೆ. ಆದರೆ ಪರವಾನಗಿ ಜೇಬಿನಲ್ಲಿದ್ದ ಮಾತ್ರಕ್ಕೆ ಕಡ್ಡಿ ಗೀರುವಂತಿಲ್ಲ. ಆ ದಿನದ ಗಾಳಿಯನ್ನೂ ಹವೆಯ ಒಣತನವನ್ನೂ ನೋಡಿ ಠಾಣೆಯವರು ‘ಇವತ್ತು ಆಗಬಹುದು’ ಎನ್ನಬೇಕು. ಬೆಳಿಗ್ಗೆ ಹೂಂ ಎಂದವರು ಮಧ್ಯಾಹ್ನ ಗಾಳಿ ಎದ್ದರೆ ‘ಆರಿಸಿ’ ಎನ್ನಬಹುದು. ಮಾತು ಮೀರಿ ಬೆಂಕಿ ಹಬ್ಬಿದರೆ ಆರಿಸಿದ ಖರ್ಚು ಹಚ್ಚಿದವನ ತಲೆಗೆ.

ಪಕ್ಕದ ನ್ಯೂಯಾರ್ಕ್ ರಾಜ್ಯ ನಂಬಿದ್ದು ಕ್ಯಾಲೆಂಡರನ್ನು. ಅಲ್ಲಿ 2009ರಿಂದ ಪ್ರತಿವರ್ಷ ಮಾರ್ಚ್ 16ರಿಂದ ಮೇ 14ರವರೆಗೆ ಕಡ್ಡಿ-ಕೊಂಬೆ ಸುಡುವುದಕ್ಕೆ ನಿಷೇಧ. ಇನ್ನೂ ಚಳಿ ಬಿಡದ ದಿನಗಳಲ್ಲಿ ಬೆಂಕಿಯ ಭಯ ಎಲ್ಲಿಂದ ಬಂತು ಎಂದು ಏಪ್ರಿಲ್‌ ಬಿಸಿಲಲ್ಲಿ ಬೇಯುವ ದೇಶದವರಿಗೆ ಅನ್ನಿಸಬಹುದು. ಹಿಮ ಕರಗಿರುತ್ತದೆ, ಮರಗಳಲ್ಲಿ ಇನ್ನೂ ಎಲೆ ಚಿಗುರಿರುವುದಿಲ್ಲ. ನೆರಳಿಲ್ಲದ ನೆಲದ ಮೇಲೆ ಹೋದ ವರ್ಷದ ಸತ್ತ ಹುಲ್ಲು, ತರಗೆಲೆ ನೇರ ಬಿಸಿಲಿಗೆ ಬಿದ್ದಿರುತ್ತದೆ. ದಪ್ಪ ದಿಮ್ಮಿ ಒಣಗಲು ವಾರಗಳು ಬೇಕು. ಹುಲ್ಲಿಗೆ ಒಂದೆರಡು ತಾಸು ಸಾಕು. ಬೆಳಿಗ್ಗೆ ಇಬ್ಬನಿಯಲ್ಲಿ ನೆಂದಿದ್ದದ್ದು ಮಧ್ಯಾಹ್ನದ ಹೊತ್ತಿಗೆ ಬತ್ತಿಯ ಹಾಗೆ ಹತ್ತಿಕೊಳ್ಳುತ್ತದೆ. ಬೆಂಕಿ ಥರ್ಮಾಮೀಟರ್ ನೋಡುವುದಿಲ್ಲ, ತೇವ ನೋಡುತ್ತದೆ.

ಕ್ಯಾಲೆಂಡರಿನ ಲೆಕ್ಕ 2024ರಲ್ಲಿ ತಪ್ಪಿತು. ಆ ಶರತ್ಕಾಲದಲ್ಲಿ ಅಮೆರಿಕದ ಈಶಾನ್ಯ ಭಾಗಕ್ಕೆ ಮಳೆಯೇ ಬರಲಿಲ್ಲ. ನವೆಂಬರಿನಲ್ಲಿ ನ್ಯೂಯಾರ್ಕ್ ನಗರದ ನಟ್ಟನಡುವೆ, ಬ್ರೂಕ್ಲಿನ್ನಿನ ಪ್ರಾಸ್ಪೆಕ್ಟ್ ಪಾರ್ಕಿನಲ್ಲೇ ಬೆಂಕಿ ಎದ್ದಿತು. ರಾಜ್ಯ ತರಾತುರಿಯಲ್ಲಿ ಬೇರೆಯೇ ಒಂದು ನಿಷೇಧ ಹೊರಡಿಸಬೇಕಾಯಿತು. ತಾರೀಖು ನೋಡುವ ನಿಯಮಕ್ಕಿಂತ ದಿನ ನೋಡುವ ನಿಯಮ ಮೇಲು ಎನ್ನಲು ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ದಿನ ನೋಡುವುದು ಸುಲಭವೂ ಅಲ್ಲ. ಬೆಂಕಿಗೆ ಒಳ್ಳೆಯ ದಿನ ಹೊಗೆಗೆ ಕೆಟ್ಟದ್ದಾಗಿರಬಹುದು. ಗಾಳಿಯಾಡದ, ತೇವ ತುಂಬಿದ ಮುಂಜಾವಿನಲ್ಲಿ ಕಿಡಿ ಹಾರುವುದಿಲ್ಲ ನಿಜ. ಆದರೆ ಆ ಹೊತ್ತಿನಲ್ಲಿ ನೆಲದ ತಣ್ಣನೆಯ ಗಾಳಿಯ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದಂತೆ ಕೂತಿರುತ್ತದೆ. ಹೊಗೆ ಮೇಲೇರದೆ ನೆರೆಮನೆಯ ಕಿಟಕಿಗೇ ನುಗ್ಗುತ್ತದೆ. ಬಿಸಿಲೇರಿ ಗಾಳಿ ಬೀಸಿದರೆ ಹೊಗೆ ಚದುರುತ್ತದೆ, ಜೊತೆಗೆ ಕಿಡಿಯೂ ಹಾರುತ್ತದೆ. ಮಂಜು ಕವಿದ ಡಿಸೆಂಬರಿನಲ್ಲಿ ದೆಹಲಿಯಲ್ಲಿದ್ದವರಿಗೆ ಈ ಮುಚ್ಚಳದ ಪರಿಚಯ ಹೇಳಬೇಕಾಗಿಲ್ಲ. ಇವೆರಡನ್ನೂ ತೂಗಿ ಹೂಂ ಅಥವಾ ಊಹೂಂ ಎನ್ನುವುದು ಸ್ಥಳದಲ್ಲಿದ್ದು, ಹೇಳಿದ್ದಕ್ಕೆ ಜವಾಬು ಕೊಡಬೇಕಾದ ಒಬ್ಬ ಮನುಷ್ಯನ ಕೆಲಸ.

ಭಾರತದ ನಿಯಮಕ್ಕೆ ಈ ‘ಇವತ್ತು’ ಎಂಬ ಮಾತೇ ಗೊತ್ತಿಲ್ಲ. ದೆಹಲಿಯಲ್ಲಿ ಎಲೆ, ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತು. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರ ಪ್ರಕರಣದಲ್ಲಿ 2016ರ ಡಿಸೆಂಬರಿನಲ್ಲಿ ಬಯಲಲ್ಲಿ ಕಸ ಸುಡುವುದಕ್ಕೆ ದೇಶಾದ್ಯಂತ ನಿಷೇಧ ಬಂತು. ಒತ್ತೊತ್ತಾಗಿ ಜನವಿರುವ ನಗರಕ್ಕೆ ಇದು ಸರಿಯಾದದ್ದೇ. ಮ್ಯಾಸಚೂಸೆಟ್ಸಿನಲ್ಲೂ ಬಾಸ್ಟನ್ ಸೇರಿ 22 ಊರುಗಳಲ್ಲಿ ವರ್ಷವಿಡೀ ಸುಡುವಂತಿಲ್ಲ. ಎಲೆ, ಹುಲ್ಲು ಸುಡಲು ಇಡೀ ರಾಜ್ಯದಲ್ಲಿ ಎಲ್ಲೂ ಅನುಮತಿಯಿಲ್ಲ. ದೆಹಲಿಯ ತೊಂದರೆ ನಿಷೇಧದ್ದಲ್ಲ, ಅದರಾಚೆಯದು. ಬೇವಿನೆಲೆ ಉದುರುವ ತಿಂಗಳಲ್ಲಿ ಗುಡಿಸಿದ ರಾಶಿಯನ್ನು ಎತ್ತಲು ಗಾಡಿ ಬರದಿದ್ದರೆ ಪೊರಕೆ ಹಿಡಿದವನು ಏನು ಮಾಡಬೇಕು? ಚಳಿಯಲ್ಲಿ ಸೌದೆ ಹಚ್ಚುವ ಕಾವಲುಗಾರರಿಗೆ ವಿದ್ಯುತ್ ಹೀಟರ್ ಕೊಡಿ ಎಂದು ನಿವಾಸಿ ಸಂಘಗಳಿಗೆ ಸರ್ಕಾರ ಹೇಳಿದ್ದು ಸರಿಯಾದ ದಾರಿ. ಎಲೆಗಾಗಿಯೂ ಅಂಥದೊಂದು ಏರ್ಪಾಡು ಬೇಕು.

ಹಳ್ಳಿಯ ಮಾತು ಬೇರೆ. ಕರಾವಳಿಯಲ್ಲಿ ತರಗೆಲೆ, ಕಡ್ಡಿಗಳ ಮೇಲೆ ಮಣ್ಣು ಮುಚ್ಚಿ ನಿಧಾನವಾಗಿ ಬೇಯಿಸಿ ಸುಡುಮಣ್ಣು ಮಾಡುವುದು ಹಳೆಯ ಪದ್ಧತಿ. ಅದು ಗಿಡಗಳಿಗೆ ಗೊಬ್ಬರ. ಹೊಲದ ಬದು, ತೋಟದಂಚು ಸವರಿ ಸುಡುವವರು ಎಲ್ಲ ಕಡೆ ಇದ್ದಾರೆ. ಕಾಡಿಗೆ ಅಪಾಯವಾಗುವ ಹಾಗೆ ಬೆಂಕಿ ಹಚ್ಚುವುದು ಅರಣ್ಯ ಕಾಯಿದೆಯಲ್ಲಿ ಅಪರಾಧ. ಆದರೆ ಕಾಯಿದೆ ಮಾತಾಡುವುದು ಬೆಂಕಿ ಬಿದ್ದ ಮೇಲೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಹೆಕ್ಟೇರ್ ಸುಟ್ಟಿತು. ಕಿಡಿ ಯಾರದೇ ಇರಲಿ, ಅದನ್ನು ಅಷ್ಟು ದೂರ ಹೊತ್ತೊಯ್ದದ್ದು ಒಣಗಿದ ಲಂಟಾನ, ಹುಲ್ಲು ಮತ್ತು ಗಾಳಿ.

ಗಾಳಿ, ಉಷ್ಣಾಂಶ, ತೇವಾಂಶ, ಮಳೆ: ಕೆನಡಾದವರು ರೂಪಿಸಿ ಹಲವು ದೇಶಗಳು ಬಳಸುತ್ತಿರುವ ಕಾಡ್ಗಿಚ್ಚಿನ ಹವಾಮಾನ ಸೂಚ್ಯಂಕಕ್ಕೆ ಬೇಕಾದದ್ದು ಈ ನಾಲ್ಕೇ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಹವಾಮಾನ ಘಟಕಗಳು ಹೋಬಳಿ ಮಟ್ಟದಲ್ಲಿ ಇವನ್ನು ಅಳೆಯುತ್ತಿವೆ, ಮಳೆಮಾಪಕಗಳಂತೂ ಗ್ರಾಮ ಪಂಚಾಯಿತಿಗಳಲ್ಲೇ ಇವೆ. ಮಳೆ ಯಾವಾಗ ಎಂದು ಕೇಳುವ ರೈತರಿಗಾಗಿ ‘ವರುಣಮಿತ್ರ’ ಸಹಾಯವಾಣಿಯೂ ಇದೆ. ಬಿತ್ತಲು ಸಲಹೆ ಕೊಡುವ ವ್ಯವಸ್ಥೆ ಸುಡುವುದಕ್ಕೂ ಸಲಹೆ ಕೊಡಲಾರದೇ?

ಪರವಾನಗಿ ಎಂದೊಡನೆ ಇನ್ನೊಂದು ಕಚೇರಿ, ಇನ್ನೊಂದು ಸರತಿ, ಇನ್ನೊಂದು ಕೈಬಿಸಿ ಎಂದು ಜನ ಹೆದರುತ್ತಾರೆ. ಆ ಹೆದರಿಕೆ ಸುಳ್ಳಲ್ಲ. ಆದ್ದರಿಂದ ಅರ್ಜಿ, ಶುಲ್ಕ, ಮೊಹರು ಯಾವುದೂ ಬೇಡ. ಫೆಬ್ರವರಿಯ ಒಂದು ಬೆಳಿಗ್ಗೆ ಕಾಡಂಚಿನ ತೋಟದವನು ಫೋನ್ ಮಾಡಿದರೆ ಎತ್ತುವವರೊಬ್ಬರು ಇರಬೇಕು. ಅವರ ಎದುರಿಗೆ ಆ ಹೋಬಳಿಯ ಗಾಳಿಯ ಲೆಕ್ಕ ಇರಬೇಕು. ‘ಇವತ್ತು ಬೇಡ, ನಾಳೆ ಕೇಳಿ’ ಎನ್ನುವ ಅಧಿಕಾರ ಇರಬೇಕು. ಮಾರನೆಯ ದಿನ ಅವನು ಮತ್ತೆ ಕೇಳಿದಾಗಲೂ ಆ ಫೋನ್ ಎತ್ತುವಂತಿರಬೇಕು.